ಹ್ಯಾನಾಳ ತವರು ಹುಡುಕಿ ಓಕ್ಲೆಂಡ್ ಗುಡ್ಡಕ್ಕೆ

ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಕ್ಯಾಲಿಫೋರ್ನಿಯಾದ ನೆವಾರ್ಕಿನ ನಮ್ಮ ಮನೆಯಿಂದ ಹೊರಟೆ. ಹಿಂದಿನ ದಿನವಿಡೀ ಸುರಿದ ಮಳೆ ಆಗಷ್ಟೇ ಬಿಟ್ಟಿತ್ತು. ಊರಂಚಿನ ಉಪ್ಪಿನ ಆಗರಗಳ ಮೇಲೆ ಮಂಜು ಕೂತಿತ್ತು. ಒಟ್ಟಿದ ಉಪ್ಪು ಯಾವುದು, ಮಂಜು ಯಾವುದು ಎಂದು ತಿಳಿಯುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಒಂದು ರಾತ್ರಿಗೆ ಬೇಕಾದ ಬಟ್ಟೆಯ ಚೀಲ, ಒಂದು ಡಬ್ಬಿ ಚಿತ್ರಾನ್ನ, ಹುರಿದ ನೆಲಗಡಲೆ, ಫ್ಲಾಸ್ಕಿನಲ್ಲಿ ಕಾಫಿ. ಇಷ್ಟೆಲ್ಲ ಕಟ್ಟಿಕೊಂಡು ನಾನು ಹೊರಟದ್ದು ನನ್ನ ಬೀಗಿತ್ತಿಯ ಮುತ್ತಜ್ಜಿಯ ಅಜ್ಜಿಯನ್ನು ಹುಡುಕಲಿಕ್ಕೆ.

ನಮ್ಮವರು ಗರಾಜಿನ ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ನನ್ನನ್ನು ಸುಮ್ಮನೆ ಕಳಿಸಿಕೊಡುವ ಅಭ್ಯಾಸ ಅವರಿಗೆ ಮದುವೆಯಾದಂದಿನಿಂದ ಇಲ್ಲ.

"ನಿನ್ನ ಮುತ್ತಜ್ಜಿಯ ಹೆಸರು ಎಂತ, ಹೇಳು ನೋಡುವ," ಎಂದರು.

"ಕಲ್ಯಾಣಿ."

"ಅವರ ಅಮ್ಮಂದು?"

ನನಗೆ ಗೊತ್ತಿರಲಿಲ್ಲ. "ಸ್ವಂತದ್ದೇ ಗೊತ್ತಿಲ್ಲ, ಬೀಗರದ್ದು ಹುಡುಕ್ಲಿಕ್ಕೆ ಹೊರಟಿದ್ದಾಳೆ," ಎಂದು ಅವರು ಲೋಟಕ್ಕೇ ಹೇಳಿದರು.

"ನಂಗೆ ಹೆಸರು ಬೇಡ. ಬಳಿ ಗೊತ್ತುಂಟು, ಅದು ಸಾಕು," ಎಂದು ನಾನು ಕಾರು ಹಿಂದಕ್ಕೆ ತೆಗೆದೆ.

ಬಳಿ ಎಂದರೇನೆಂದು ತುಳುನಾಡಿನ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕುಲದ ಎಳೆ ಹೋಗುವುದು ತಾಯಿಯಿಂದ. ತಾಯಿಯ ಬಳಿ ಯಾವುದೋ, ಮಗುವಿಗೂ ಅದೇ. ಅಪ್ಪನ ಬಳಿ ಅಪ್ಪನ ಹತ್ತಿರವೇ ಉಳಿಯುತ್ತದೆ. ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಹಾಗಾಗಿ ಹೊಸಬರು ಸಿಕ್ಕಿದಾಗ ಊರು ಕೇಳಿದ ಮೇಲೆ ಕೇಳುವುದೇ ಬಳಿಯನ್ನು. ನನ್ನ ಮಗ ಮದುವೆಯಾದದ್ದು ಎಮಿಲಿಯನ್ನು, ಇಲ್ಲಿಯದೇ ಹುಡುಗಿ. ಅವರ ಮಗಳು ತಾರಾಳಿಗೆ ಏಳು ವರ್ಷ. ಅವಳು ಹುಟ್ಟಿದ ದಿನದಿಂದ ನನ್ನ ದೊಡ್ಡಮ್ಮ ಕೇಳುತ್ತ ಬಂದದ್ದು ಒಂದೇ ಪ್ರಶ್ನೆ: "ಮಗುವಿನ ಬಳಿ ಯಾವುದು?" ಅಮೆರಿಕದವರಿಗೆ ಬಳಿ ಇಲ್ಲ ಎಂದರೆ, "ಬಳಿ ಇಲ್ಲದ ಮಗು ಉಂಟಾ? ಅದೆಂತ ಮರದಿಂದ ಬಿದ್ದದ್ದಾ?" ಎನ್ನುತ್ತಾರೆ.

ಆದರೆ ಈ ಪ್ರಯಾಣ ದೊಡ್ಡಮ್ಮನಿಗಾಗಿ ಅಲ್ಲ, ಎಮಿಲಿಯ ತಾಯಿ ರೂತ್‌ಗಾಗಿ. ನಮ್ಮೂರಲ್ಲಿ ಬೀಗಿತ್ತಿಯನ್ನು ಹೆಸರು ಹಿಡಿದು ಕರೆದರೆ ಜನ ಏನೆಂದಾರು ಎಂದು ಮೊದಲೆರಡು ವರ್ಷ ನಾನು ಅವರನ್ನು ಏನೂ ಕರೆಯದೆ ಕೆಮ್ಮಿಯೇ ಕಳೆದಿದ್ದೆ. ಆಮೇಲೆ ಅವರೇ, "ನನ್ನ ಹೆಸರು ರೂತ್, ಕೆಮ್ಮು ಅಲ್ಲ," ಎಂದರು. ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಬರೆಯಲು ಕಲಿಸಿ ನಿವೃತ್ತರಾದವರು. ಈಗ ಕಣ್ಣಿನ ನಡುವಿನ ನೋಟ ಹೋಗುತ್ತಿದೆ. ಅಂಚು ಕಾಣುತ್ತದೆ, ಎದುರಿನದು ಕಾಣುವುದಿಲ್ಲ. ಕಣ್ಣಿಗೆ ಇಂಜೆಕ್ಷನ್ನು ಚುಚ್ಚುತ್ತಿದ್ದಾರೆ. ಮುಂದಿನ ಚಳಿಗಾಲಕ್ಕೆ ಎಷ್ಟು ದೊಡ್ಡದು ಮಾಡಿದರೂ ಓದಲಾಗಲಿಕ್ಕಿಲ್ಲ ಎಂದು ಡಾಕ್ಟರು ಕ್ರಿಸ್‌ಮಸ್ಸಿಗೆ ಮುಂಚೆ ಹೇಳಿದ್ದರು.

ರೂತ್ ತಮ್ಮ ತಾಯಿಯ ಕಡೆಯ ಹೆಂಗಸರನ್ನು ಒಬ್ಬೊಬ್ಬರಾಗಿ ಹಿಂದಕ್ಕೆ ಹುಡುಕುತ್ತ ಹೋಗಿ ಎಲಿಜಬೆತ್ ಎಂಬವಳ ಹತ್ತಿರ ನಿಂತುಹೋಗಿದ್ದರು. ಇಂಗ್ಲೆಂಡಿನಿಂದ ಹಡಗು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಬಂದವಳು ಅವಳೇ. ಡೆವನ್ ಸೀಮೆಯ ಒಂದು ಹಳ್ಳಿಯ ಕಮ್ಮಾರ ವಿಲಿಯಂ ಕಾಬ್ ಎಂಬವನ ಹಿರಿಮಗಳು, ತಾಯಿ ಹ್ಯಾನಾ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದರು. ಆ ಹಳ್ಳಿಯ ಚರ್ಚಿನ ದಾಖಲೆಯಲ್ಲಿ ಕಮ್ಮಾರನ ಉಳಿದ ಮಕ್ಕಳೆಲ್ಲರ ದೀಕ್ಷಾಸ್ನಾನ ಇದೆ. ಎಲಿಜಬೆತಳದ್ದು ಇಲ್ಲ. ವಿಲಿಯಂ ಮತ್ತು ಹ್ಯಾನಾರ ಮದುವೆಯೂ ಇಲ್ಲ. ಹ್ಯಾನಾ ಯಾರ ಮಗಳು, ಎಲ್ಲಿಯವಳು, ಒಂದೂ ಗೊತ್ತಿಲ್ಲ. ಆ ದಾಖಲೆಯ ಚಿತ್ರ ತೆಗೆದಿಟ್ಟ ಹಳೆಯ ಫಿಲ್ಮಿನಲ್ಲಿ ಒಂದು ಪುಟದ ಕೆಳಭಾಗ ನೀರು ಬಿದ್ದು ಕದಡಿಹೋಗಿತ್ತು. ಎಲಿಜಬೆತ್ ಆ ಕಲೆಯೊಳಗೇ ಇದ್ದಾಳೆ ಎಂದು ರೂತ್ ನಂಬಿ ಕೂತಿದ್ದರು. ಆ ಪುಟವನ್ನು ಈಗ ಹೊಸ ವಿಧಾನದಲ್ಲಿ ಚಿತ್ರ ತೆಗೆದಿದ್ದಾರೆ, ಅದನ್ನು ಓಕ್ಲೆಂಡ್ ಗುಡ್ಡದ ಮೇಲೆ ವಂಶ ಹುಡುಕುವವರಿಗಾಗಿ ಒಂದು ಚರ್ಚಿನವರು ನಡೆಸುವ ಗ್ರಂಥಾಲಯದ ಕಂಪ್ಯೂಟರುಗಳಲ್ಲಿ ಮಾತ್ರ ನೋಡಬಹುದು ಎಂದು ಗೊತ್ತಾದಾಗ ನನಗೆ ಫೋನು ಬಂತು. "ಸುಮತಿ, ಕಣ್ಣಿರುವಾಗ ಒಂದು ಸಲ ನೋಡಬೇಕು," ಎಂದರು. ಎಮಿಲಿಗೆ ಆಫೀಸು, ನನಗೆ ರಿಟೈರ್ಮೆಂಟು. ನಾನು ಒಪ್ಪಿಕೊಂಡೆ.

ರೂತ್ ಇರುವುದು ಸರಟೋಗಾದಲ್ಲಿ. ನಮ್ಮಲ್ಲಿಂದ ದಕ್ಷಿಣಕ್ಕೆ ಇಪ್ಪತ್ತೈದು ಮೈಲಿ. ಆಫೀಸಿನ ಹೊತ್ತು, ಫ್ರೀವೇ ಮೇಲೆ ಕಾರುಗಳು ತೆವಳುತ್ತಿದ್ದವು. ಒಂದು ಗಂಟೆಗಿಂತ ಹೆಚ್ಚು ಹಿಡಿಯಿತು. ಗುಡ್ಡದ ಬುಡದ ಆ ಬೀದಿಗಳಲ್ಲಿ ಅಕೇಶಿಯಾ ಮರಗಳು ಹಳದಿ ಹೂವು ಬಿಟ್ಟಿದ್ದವು. ರೂತ್ ಆಗಲೇ ಮೆಟ್ಟಿಲ ಮೇಲೆ ನಿಂತಿದ್ದರು, ಮುಖವನ್ನು ಸ್ವಲ್ಪ ಓರೆ ಮಾಡಿಕೊಂಡು. ಈಗ ಅವರು ಎಲ್ಲವನ್ನೂ ಹಾಗೇ ನೋಡುವುದು. ಗೊತ್ತಿಲ್ಲದವರಿಗೆ ಮುನಿಸಿಕೊಂಡಂತೆ ಕಂಡೀತು.

"ತಡವಾಯಿತು," ಎಂದರು.

"ಟ್ರಾಫಿಕ್ಕು," ಎಂದೆ.

"ನೀವು ಬಲಗಡೆಯ ಲೇನಿನಲ್ಲಿ ಲಾರಿಗಳ ಹಿಂದೆ ಬಂದಿರುತ್ತೀರಿ," ಎಂದರು. ಸತ್ಯ. ಈ ಊರಲ್ಲಿ ಮೂವತ್ತು ವರ್ಷದಿಂದ ಕಾರು ಓಡಿಸಿದರೂ ಲಾರಿಯ ಹಿಂದೆ ಹೋಗುವಷ್ಟು ನೆಮ್ಮದಿ ನನಗೆ ಬೇರೆ ಎಲ್ಲಿಯೂ ಸಿಕ್ಕಿಲ್ಲ.

ಸರಟೋಗಾದಿಂದ ಓಕ್ಲೆಂಡಿಗೆ ಸುಮಾರು ನಲವತ್ತೈದು ಮೈಲಿ, ಅದೂ ಬಂದ ದಾರಿಯಲ್ಲೇ ವಾಪಸು. ನಮ್ಮ ಮನೆಯ ಎಕ್ಸಿಟನ್ನು ಮತ್ತೆ ದಾಟಿದಾಗ, ಇವರನ್ನು ನಿನ್ನೆಯೇ ಕರೆತಂದು ಮನೆಯಲ್ಲಿ ಉಳಿಸಿಕೊಳ್ಳಬಹುದಿತ್ತಲ್ಲ ಎಂದು ಹೊಳೆಯಿತು. ರೂತ್‌ಗೆ ಹೇಳಲಿಲ್ಲ. ಓಕ್ಲೆಂಡಿನಲ್ಲಿ ಫ್ರೀವೇ ಬಿಟ್ಟು ಗುಡ್ಡ ಹತ್ತಿದೆವು. ಮಳೆಗೆ ಗುಡ್ಡ ಪೂರ್ತಿ ಹಸಿರಾಗಿತ್ತು. ಮೇಲೆ ಹೋಗಿ ಕಾರು ನಿಲ್ಲಿಸಿದಾಗ ಮಂಜು ಹರಿದು ಕೆಳಗೆ ಕೊಲ್ಲಿಯ ನೀರು, ಅದರಾಚೆ ಸ್ಯಾನ್ ಫ್ರಾನ್ಸಿಸ್ಕೋದ ಕಟ್ಟಡಗಳು ಕಂಡವು. "ಸೇತುವೆ ಕಾಣುತ್ತದೆಯೇ?" ಎಂದು ರೂತ್ ಕೇಳಿದರು. ಕಾಣುತ್ತದೆ ಎಂದೆ. "ಸರಿ," ಎಂದು ನನ್ನ ತೋಳು ಹಿಡಿದುಕೊಂಡರು.

ಗ್ರಂಥಾಲಯದೊಳಗೆ ಹೋಗಲು ದುಡ್ಡಿಲ್ಲ. ಬಾಗಿಲ ಹತ್ತಿರದ ಮೇಜಿನಲ್ಲಿ ಹೆರಾಲ್ಡ್ ಎಂಬ ಮುದುಕರು ಕೂತಿದ್ದರು, ಸಂಬಳವಿಲ್ಲದೆ ಸೇವೆ ಮಾಡುವವರು, ಪ್ಯಾಂಟಿಗೆ ಹೆಗಲ ಮೇಲಿಂದ ಕೆಂಪು ಸಸ್ಪೆಂಡರು ಪಟ್ಟಿ ಹಾಕಿದ್ದರು. ಬಂದವರ ಪುಸ್ತಕವನ್ನು ನಮ್ಮತ್ತ ತಿರುಗಿಸಿದರು. ಹೆಸರು, ಬಂದ ಹೊತ್ತು, ಸಹಿ, ಹೋಗುವಾಗ ಮತ್ತೊಂದು ಸಹಿ. ನಾನು ತುಂಬಿಸಿ ಪೆನ್ನನ್ನು ರೂತ್‌ಗೆ ಕೊಟ್ಟೆ. ಅವರು ಮುಖ ಓರೆ ಮಾಡಿ ಸಾಲು ಹುಡುಕಿ ಸಹಿ ಶುರು ಮಾಡಿದರು. ಪೆನ್ನು ನನ್ನ ಹೆಸರಿನ ಮೇಲೇ ಹತ್ತಿ, ಕಾಗದದ ಅಂಚು ದಾಟಿ ಮೇಜಿಗೆ ಇಳಿಯಿತು. ಹೆರಾಲ್ಡ್ ತಕ್ಷಣ, "ಪರವಾಗಿಲ್ಲ, ಪರವಾಗಿಲ್ಲ," ಎಂದರು. ರೂತ್ ಅವರ ಮುಖ ಕಿವಿಯವರೆಗೆ ಕೆಂಪಾಯಿತು. ಪೆನ್ನನ್ನು ನನ್ನ ಕೈಗಿಟ್ಟು, "ನೀವೇ ಬರೆಯಿರಿ," ಎಂದರು. ಮೂರು ತಲೆಮಾರಿನ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವರು. ಹೊರಗೆ ಬರುವಾಗಲೂ ಅವರ ಸಹಿಯನ್ನು ನಾನೇ ಹಾಕಿದೆ.

ಕಂಪ್ಯೂಟರಿನ ಮುಂದೆ ಇಬ್ಬರೂ ಕೂತೆವು. ಹೆರಾಲ್ಡ್ ಆ ಹಳ್ಳಿಯ ಪುಸ್ತಕ ತೆರೆದುಕೊಟ್ಟರು. ಊರಿನ ಹೆಸರು ಇಂದಿಗೂ ನನ್ನ ನಾಲಿಗೆಗೆ ಹತ್ತಿಲ್ಲ, ಕಮ್ಮಾರನ ಹಳ್ಳಿ ಎಂದೇ ಕರೆಯುತ್ತೇನೆ. ಓದುವುದು ನನ್ನ ಕೆಲಸ. ಉಡುಪಿಯಲ್ಲೂ ಇಲ್ಲೂ ಬ್ಯಾಂಕಿನಲ್ಲಿ ಕೂತು ಜನರ ಸೊಟ್ಟ ಸಹಿಗಳನ್ನೇ ನೋಡಿ ಸಂಬಳ ತಿಂದವಳು ನಾನು, ಪಾದ್ರಿಯ ಅಕ್ಷರ ಕಷ್ಟವಾಗಲಿಲ್ಲ. ಕದಡಿದ ಪುಟ ಬಂತು. ಹೊಸ ಚಿತ್ರದಲ್ಲಿ ಕಲೆ ಹಾಗೇ ಇತ್ತು, ಆದರೆ ಅದರಡಿಯ ಶಾಯಿ ಎದ್ದು ಕಾಣುತ್ತಿತ್ತು. ರೂತ್ ಕುರ್ಚಿಯ ತುದಿಗೆ ಬಂದರು. ನಾನು ಒಂದೊಂದೇ ಸಾಲು ಓದಿದೆ. ಬಡಗಿಯ ಮಗ, ಕೂಲಿಯವನ ಮಗಳು, ಕೂಲಿಯವನ ಅವಳಿ, ಗಿರಣಿಯವನ ಮಗ. ಪುಟ ಮುಗಿಯಿತು. ಎಲಿಜಬೆತ್ ಇರಲಿಲ್ಲ.

"ಇನ್ನೊಮ್ಮೆ," ಎಂದರು. ಇನ್ನೊಮ್ಮೆ ಓದಿದೆ. ಆ ಪುಟದ ಹಿಂದಿನ ಪುಟ, ಮುಂದಿನ ಪುಟ ಎಲ್ಲ ಓದಿದೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ, ನಮಗೆ ಇಲಿಯೂ ಸಿಗಲಿಲ್ಲ. ರೂತ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆಮೇಲೆ, "ಇಷ್ಟು ವರ್ಷ ನಾನು ಒಂದು ನೀರಿನ ಕಲೆಯನ್ನು ಪ್ರೀತಿಸಿದೆ," ಎಂದರು. ಕಣ್ಣೊರೆಸಲು ಕ್ಲೀನೆಕ್ಸು ಕೊಟ್ಟೆ. ಏನು ಹೇಳುವುದೆಂದು ತಿಳಿಯದೆ ಚಿತ್ರಾನ್ನದ ಡಬ್ಬಿಯನ್ನೂ ಮುಂದಿಟ್ಟೆ. ಒಳಗೆ ತಿನ್ನುವಂತಿಲ್ಲ ಎಂದು ಹೆರಾಲ್ಡ್ ಮೆಲ್ಲಗೆ ಹೇಳಿದರು.

ಆ ರಾತ್ರಿ ಉಳಿಯಬೇಕಾದದ್ದು ಸ್ಯಾನ್ ಮಟಿಯೋದಲ್ಲಿ, ದೊಡ್ಡಮ್ಮನ ಮಗಳು ಸರೋಜಕ್ಕನ ಮನೆಯಲ್ಲಿ. ಎರಡನೆಯ ದಿನವೂ ಗ್ರಂಥಾಲಯಕ್ಕೆ ಹೋಗುವುದಿತ್ತು, ಬೀಗಿತ್ತಿಯನ್ನು ಒಂದು ರಾತ್ರಿ ಕರೆತರಲೇಬೇಕು ಎಂದು ಅಲ್ಲೇ ಇರುವ ದೊಡ್ಡಮ್ಮ ಮೊದಲೇ ಹೇಳಿದ್ದರು. ರೂತ್ ಬೇಡ, ಮನೆಗೆ ಬಿಟ್ಟುಬಿಡಿ ಎಂದರು. "ಕೋಳಿ ಆಗಿದೆಯಂತೆ," ಎಂದೆ. ಸರೋಜಕ್ಕನ ಕೈಯ ಕೋಳಿ ಗಸಿಯನ್ನು ಅವರು ತಾರಾಳ ಹುಟ್ಟುಹಬ್ಬದಲ್ಲಿ ತಿಂದಿದ್ದರು. ಸುಮ್ಮನಾದರು. ಹೇವರ್ಡಿನಿಂದ ಕೊಲ್ಲಿಯ ಮೇಲೆ ಏಳು ಮೈಲಿಯ ಸೇತುವೆ. ಪಶ್ಚಿಮಕ್ಕೆ ಹೋಗುವಾಗ ಮಾತ್ರ ಸುಂಕ, ಮರಳುವಾಗ ಇಲ್ಲ. ಸಂಜೆಯ ಬಿಸಿಲು ಸೀದಾ ಕಣ್ಣಿಗೆ ಬಡಿಯುತ್ತಿತ್ತು. ನಾನು ಕಣ್ಣು ಕಿರಿದು ಮಾಡಿ ಒಂದು ಲಾರಿಯ ಹಿಂದೆ ಸೇರಿಕೊಂಡೆ.

ದೊಡ್ಡಮ್ಮನಿಗೆ ಎಂಬತ್ತೆಂಟು. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸೋಫಾದ ಮೇಲೆ ಕಾಲು ಮಡಚಿ ಕೂತು ಸಾಕ್ಸಿನ ಮೇಲೆ ಇನ್ನೊಂದು ಸಾಕ್ಸು ಹಾಕಿಕೊಳ್ಳುತ್ತಿದ್ದರು. ಅವರು ಮಾತಾಡುವುದು ತುಳು. ನಾನದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರೂತ್‌ಗೆ ನಾನು ಇಂಗ್ಲಿಷಿನಲ್ಲಿ ಹೇಳಬೇಕು, ರೂತ್ ಹೇಳಿದ್ದನ್ನು ಇತ್ತ ಹೇಳಬೇಕು. ಊಟಕ್ಕೆ ನೀರುದೋಸೆ, ಗಸಿ. ರೂತ್ ಮೂಗೊರೆಸಿಕೊಳ್ಳುತ್ತ ಮೂರನೆಯ ದೋಸೆಗೆ ಕೈಹಾಕಿದಾಗ ದೊಡ್ಡಮ್ಮ ಕೇಳಿದರು, "ಇವರ ಮುಖ ಎಂತಕ್ಕೆ ಬಾಡಿದೆ? ಖಾರಕ್ಕಾ?"

ನಾನು ಇಡೀ ಕತೆ ಹೇಳಿದೆ. ಕಮ್ಮಾರ, ಅವನ ಮಕ್ಕಳೆಲ್ಲ ಪುಸ್ತಕದಲ್ಲಿ ಇರುವುದು, ಒಬ್ಬಳು ಮಾತ್ರ ಇಲ್ಲದಿರುವುದು.

"ಇಲ್ಲದ್ದು ಎಷ್ಟನೆಯವಳು?"

"ದೊಡ್ಡವಳು. ಮೊದಲನೆಯದ್ದು."

ದೊಡ್ಡಮ್ಮ ದೋಸೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಚೊಚ್ಚಲು ಅಲ್ವಾ ಮಾರಾಯ್ತಿ? ಮತ್ತೆ ಗಂಡನ ಊರಲ್ಲಿ ಹುಡುಕಿದ್ರೆ ಎಲ್ಲಿ ಸಿಗುದು? ಚೊಚ್ಚಲಿಗೆ ಅಮ್ಮನ ಮನೆಗೆ ಹೋಗ್ಲಿಲ್ವಾ ಅವಳು?"

"ಅವರಲ್ಲಿ ಹಾಗೆಲ್ಲ ಇಲ್ಲ ದೊಡ್ಡಮ್ಮ."

"ಯಾರು ಹೇಳಿದ್ದು ನಿಂಗೆ? ಹೆರುವಾಗ ಅಮ್ಮ ಬೇಡ ಅಂತ ಯಾವ ಊರಿನ ಹೆಂಗಸು ಹೇಳ್ತಾಳೆ?"

ನನ್ನ ಕೈ ತಟ್ಟೆಯಲ್ಲೇ ನಿಂತಿತು. ನನ್ನ ಮಗ ಹುಟ್ಟಿದ್ದು ಎಲ್ಲಿ? ಗಂಡ ಇಲ್ಲಿ, ಮನೆ ಇಲ್ಲಿ, ಇನ್ಶೂರೆನ್ಸು ಇಲ್ಲಿ. ಆದರೂ ಏಳನೆಯ ತಿಂಗಳು ತುಂಬುವ ಮೊದಲೇ ನಾನು ಅತ್ತು ಕರೆದು ವಿಮಾನ ಹತ್ತಿ ಉಡುಪಿಗೆ ಹೋಗಿ, ಅಮ್ಮನ ಕೈಯಿಂದ ಬಿಸಿನೀರು ಹೊಯ್ಯಿಸಿಕೊಂಡು, ಮಗು ಕತ್ತು ನಿಲ್ಲಿಸಿದ ಮೇಲೆ ಬಂದವಳು. ನಾಳೆ ಯಾರಾದರೂ ಅವನ ಹುಟ್ಟನ್ನು ನೆವಾರ್ಕಿನ ದಾಖಲೆಯಲ್ಲಿ ಹುಡುಕಿದರೆ ಸಿಗುತ್ತದೆಯೇ? ಜನ್ಮದಲ್ಲಿ ಸಿಗದು. ಹುಡುಕುವ ಬಳ್ಳಿ ಕಾಲಿಗೆ ತೊಡರಿಯೇ ಇತ್ತು. ಇಂಗ್ಲಿಷರಿಗೆ ತವರುಮನೆ ಎಲ್ಲಿಂದ ಬರಬೇಕು ಎಂದುಕೊಂಡು ನಾನು ಅದನ್ನು ನೋಡಿರಲೇ ಇಲ್ಲ.

ರೂತ್‌ಗೆ ಹೇಳಿದೆ. ಅವರು ಮುಖ ಓರೆ ಮಾಡಿ ದೊಡ್ಡಮ್ಮನ ಕಡೆ ನೋಡಿದರು. "ಅವರ ಮದುವೆಯೂ ಗಂಡನ ಊರಲ್ಲಿ ಸಿಕ್ಕಿಲ್ಲ," ಎಂದರು ನಿಧಾನವಾಗಿ.

ಅದನ್ನು ತುಳುವಿಗೆ ತಿರುಗಿಸಿದೆ. "ಮದುವೆ ಹೆಣ್ಣಿನ ಮನೆಯಲ್ಲೇ ಅಲ್ವಾ ಆಗುದು?" ಎಂದು ದೊಡ್ಡಮ್ಮ ಗಸಿ ಬಡಿಸಿಕೊಂಡರು. "ಇಷ್ಟು ಓದಿದವರು ಇಬ್ಬರು ಹೋಗಿ, ಹುಡುಗಿಗೆ ಅಮ್ಮ ಇದ್ದಾಳೆ ಅಂತ ನೆನಪಾಗ್ಲಿಲ್ಲ. ಹೋಗ್ಲಿ, ಇವರಿಗೆ ಇನ್ನೊಂದು ದೋಸೆ ಹಾಕು ಸರೋಜ."

ಶುಕ್ರವಾರ ಬೆಳಿಗ್ಗೆ ಬೇಗ ಹೊರಟೆವು. ಆಕಾಶ ತೊಳೆದಿಟ್ಟಂತಿತ್ತು, ಸೇತುವೆಯ ಮೇಲೆ ಗಾಳಿ ಜೋರು. ರೂತ್ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು. ಬಾಣಂತಿ ಎಷ್ಟು ದಿನ ಇರುತ್ತಾಳೆ, ಗಂಡ ಬಂದು ಹೋಗುತ್ತಾನೆಯೇ, ಮಗುವಿಗೆ ಹೆಸರಿಡುವುದು ಯಾವ ಮನೆಯಲ್ಲಿ. ನಾನು ಹೇಳುತ್ತ ಹೋದೆ. ಹೇಳುತ್ತ ಹೇಳುತ್ತ ಲಾರಿಯ ಹಿಂದಿನಿಂದ ಹೊರಬಂದು ನಡುವಿನ ಲೇನಿನಲ್ಲಿದ್ದೇನೆ ಎಂಬುದು ಓಕ್ಲೆಂಡ್ ಹತ್ತಿರ ಬಂದಾಗಲೇ ಗೊತ್ತಾದದ್ದು.

ಒಳಗೆ ಹೋಗುವಾಗ ಇಬ್ಬರ ಹೆಸರನ್ನೂ ನಾನೇ ಬರೆದೆ. ಹೆರಾಲ್ಡ್ ನಮ್ಮ ಮಾತು ಕೇಳಿ ತಲೆದೂಗಿದರು. "ಮದುವೆ ಹೆಣ್ಣಿನ ಚರ್ಚಿನಲ್ಲಿ ಆಗುತ್ತಿತ್ತು, ಅದು ನಮಗೆ ಗೊತ್ತು. ಮೊದಲ ಮಗುವಿಗೂ ಕೆಲವರು ಅಲ್ಲಿಗೇ ಹೋಗುತ್ತಿದ್ದರು. ಆದರೆ ಯಾವ ಊರು?" ಸುತ್ತಲ ಹಳ್ಳಿಗಳ ಪುಸ್ತಕಗಳಿಗೆ ಹೆಸರಿನ ಸೂಚಿ ಇಲ್ಲ, ಪುಟ ಪುಟ ತಿರುವಿಯೇ ನೋಡಬೇಕು ಎಂದರು.

"ಬಸುರಿ ಎಷ್ಟು ದೂರ ಹೋಗುತ್ತಾಳೆ? ಗಾಡಿಯಲ್ಲಿ ಹಗಲಿಗೆ ಮುಟ್ಟಬೇಕು," ಎಂದೆ. ಅವರು ಹಳೆಯ ನಕ್ಷೆ ತಂದು ಹಾಸಿದರು. ಕಮ್ಮಾರನ ಹಳ್ಳಿಗೆ ಅಂಟಿಕೊಂಡಂತೆ ಐದಾರು ಊರುಗಳು. ಹತ್ತಿರದ್ದರಿಂದ ಶುರು ಮಾಡಿದೆ. ಎರಡು ಊರು ಮುಗಿಯುವಾಗ ಕಣ್ಣಲ್ಲಿ ಮರಳು ಬಿದ್ದಂತಾಯಿತು. ಮೂರನೆಯ ಊರು ನದಿಯಾಚೆಯದು. ರೂತ್ ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕೂತಿದ್ದರು. ನಾನು ಓದುವುದನ್ನು ಬಿಟ್ಟರೆ ಅವರಿಗೆ ಬೇರೇನೂ ಇರಲಿಲ್ಲ.

ಎಡಪುಟದ ನಡುವೆ ಬಂತು. ಎಲಿಜಬೆತ್. ತಂದೆ ತಾಯಿ ವಿಲಿಯಂ ಮತ್ತು ಹ್ಯಾನಾ ಕಾಬ್. ವೃತ್ತಿ ಕಮ್ಮಾರಿಕೆ. ವಾಸ ಎಂಬ ಕಡೆ ಪಾದ್ರಿ ಈ ಊರಿನ ಹೆಸರನ್ನು ಬರೆದಿರಲಿಲ್ಲ, ಕಮ್ಮಾರನ ಹಳ್ಳಿಯದನ್ನೇ ಬರೆದಿದ್ದ. ಗಂಡನ ಊರಿನವಳು, ಇಲ್ಲಿ ಹೆತ್ತವಳು. ಗಟ್ಟಿಯಾಗಿ ಓದಿದೆ. ರೂತ್ ನನ್ನ ಮೊಣಕೈ ಹಿಡಿದುಕೊಂಡರು, ಬಿಡಲಿಲ್ಲ.

ಮದುವೆ ಅದೇ ಊರಿನ ಇನ್ನೊಂದು ಪುಸ್ತಕದಲ್ಲಿ, ಹಿಂದಿನ ವರ್ಷದ್ದು. ವಿಲಿಯಂ ಕಾಬ್, ಆ ಹಳ್ಳಿಯವನು. ಹ್ಯಾನಾ ಟ್ಯಾಪರ್, ಈ ಊರಿನವಳು. ವಿಲಿಯಂ ತನ್ನ ಹೆಸರನ್ನು ಹೇಗೋ ಗೀಚಿದ್ದ. ಹ್ಯಾನಾಳಿಗೆ ಬರೆಯಲು ಬರುತ್ತಿರಲಿಲ್ಲ. ಅವಳು ಒಂದು ಅಡ್ಡಗೀಟು, ಒಂದು ಉದ್ದಗೀಟು ಹಾಕಿದ್ದಳು. ಪಾದ್ರಿ ಅದರ ಪಕ್ಕದಲ್ಲಿ ಹ್ಯಾನಾ ಟ್ಯಾಪರಳ ಗುರುತು ಎಂದು ಬರೆದಿದ್ದ. ಕೆಳಗೆ ಸಾಕ್ಷಿಗಳ ಸಹಿ. ನಮ್ಮ ಬ್ಯಾಂಕಿನಲ್ಲೂ ಹೀಗೇ ಇತ್ತು. ಸಹಿ ಬಾರದ ಹೆಂಗಸರ ಹೆಬ್ಬೆಟ್ಟು ಒತ್ತಿಸಿ, ಪಕ್ಕದಲ್ಲಿ ಇಂಥವರ ಹೆಬ್ಬೆಟ್ಟು ಎಂದು ಬರೆದು, ಸಾಕ್ಷಿ ಸಹಿ ಹಾಕುತ್ತಿದ್ದೆವು. ನಾನೇ ಎಷ್ಟೋ ಹಾಕಿದ್ದೇನೆ.

"ನನಗೆ ತೋರಿಸಿ," ಎಂದರು ರೂತ್.

ದೊಡ್ಡದು ಮಾಡಿದೆ. ಅವರು ಎಡಕ್ಕೆ ವಾಲಿ ನೋಡಿದರು, ಬಲಕ್ಕೆ ವಾಲಿ ನೋಡಿದರು. ಅಕ್ಷರಗಳು ಕೂಡಿಕೊಂಡು ಕಪ್ಪಾಗಿವೆ, ಏನೂ ಬಿಡಿಸಲಾಗುವುದಿಲ್ಲ ಎಂದರು. ನಾನು ಅಕ್ಷರಗಳನ್ನು ಬಿಟ್ಟು ಆ ಗೀಟುಗಳನ್ನು ಮಾತ್ರ ಇಡೀ ಪರದೆ ತುಂಬುವಷ್ಟು ಹಿಗ್ಗಿಸಿದೆ. ಒಂದು ಗೀಟು ನೆಟ್ಟಗೆ, ಇನ್ನೊಂದು ಸ್ವಲ್ಪ ಜಾರಿದ್ದು. ಜಾರಿದ್ದರ ಕೊನೆಯಲ್ಲಿ ಪೆನ್ನನ್ನು ಒತ್ತಿ ನಿಲ್ಲಿಸಿದ್ದರಿಂದ ಒಂದು ಶಾಯಿ ಬೊಟ್ಟು.

ರೂತ್ ಅಲುಗಾಡಲಿಲ್ಲ. "ಕಾಣುತ್ತಿದೆ," ಎಂದರು. ಬೆರಳನ್ನು ಪರದೆಯ ಮೇಲಿಟ್ಟು ಒಂದು ಗೀಟಿನ ಮೇಲೆ ಎಳೆದರು, ಆಮೇಲೆ ಇನ್ನೊಂದರ ಮೇಲೆ. "ಸುಮತಿ, ನನಗೆ ಪೂರ್ತಿ ಕಾಣುತ್ತಿದೆ." ಅತ್ತರು. ನಾನೂ ಅತ್ತೆ. ಪರದೆ ಮುಟ್ಟಬಾರದು ಎಂಬ ಚೀಟಿ ಅಲ್ಲೇ ಅಂಟಿಸಿತ್ತು. ಹೆರಾಲ್ಡ್ ಬೇರೆ ಕಡೆ ನೋಡಿದರು.

ಹೊರಗೆ ತೋಟದ ಬೆಂಚಿನಲ್ಲಿ ಸರೋಜಕ್ಕ ಕಟ್ಟಿಕೊಟ್ಟ ದೋಸೆ ಬಿಚ್ಚಿದೆವು. ತಣ್ಣಗಾಗಿದ್ದರೂ ರುಚಿಯಾಗಿತ್ತು. ದೊಡ್ಡಮ್ಮನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

"ಸಿಕ್ಕಿದಳು ದೊಡ್ಡಮ್ಮ. ಅಮ್ಮನ ಊರಲ್ಲೇ."

"ಮತ್ತೆ?" ಎಂದರು ಅವರು, ಅದರಲ್ಲೇನು ಹೆಚ್ಚುಗಾರಿಕೆ ಎನ್ನುವ ಹಾಗೆ. "ಈಗ ಹೇಳು, ಮಗುವಿನ ಬಳಿ ಎಂತ ಅಂತ ಆಯ್ತು?"

"ಬಳಿಗೆ ಹೆಸರಿಲ್ಲ ದೊಡ್ಡಮ್ಮ. ಅವರಲ್ಲಿ ಹೆಣ್ಣಿಗೆ ಮೊದಲು ಅಪ್ಪನ ಹೆಸರು, ಮತ್ತೆ ಗಂಡನ ಹೆಸರು."

ದೊಡ್ಡಮ್ಮ ಟೀವಿಯ ಶಬ್ದ ಕಡಿಮೆ ಮಾಡಿಸಿದರು. "ಹೆಸರಿಲ್ಲದಿದ್ರೆ ಬೇಡ. ಅಮ್ಮನ ಮನೆ ಉಂಟಲ್ಲ, ಅದು ಸಾಕು. ಯಾರಾದ್ರೂ ಕೇಳಿದ್ರೆ ಹ್ಯಾನಾಳ ಕುಟುಂಬ ಅಂತ ಹೇಳುದು. ತಾರಾಳಿಗೂ ಕಲಿಸು, ಬರೇ ಯಾ ಯಾ ಅನ್ನುದಲ್ಲ."

ಏನಂದರು ಎಂದು ರೂತ್ ಕೇಳಿದರು. ತಾರಾ ಹ್ಯಾನಾಳ ಕುಟುಂಬದವಳಂತೆ ಎಂದೆ.

"ಹಾಗಾದರೆ ನಾನು?"

"ನೀವೂ. ಎಮಿಲಿಯೂ."

"ನಿಮ್ಮ ಮಗ?"

"ಅವನು ಹೇಗಾಗುತ್ತಾನೆ? ಅವನು ನನ್ನ ಬಳಿಯವನು."

ರೂತ್ ದೋಸೆ ಅಗಿಯುತ್ತ ಲೆಕ್ಕ ಹಾಕಿದರು. "ಅಂದರೆ ಈ ಲೆಕ್ಕದಲ್ಲಿ ತಾರಾಳ ಕುಟುಂಬದಲ್ಲಿ ನೀವು ಇಲ್ಲವೇ ಇಲ್ಲ."

"ಇಲ್ಲ," ಎಂದೆ. "ನಾನು ಬರೇ ಅಜ್ಜಿ."

ಇಬ್ಬರಿಗೂ ನಗು ಬಂತು, ನಿಲ್ಲಿಸಲಾಗಲಿಲ್ಲ. ನನಗೆ ಒಳಗೊಳಗೆ ಸ್ವಲ್ಪ ಚುರುಕ್ಕೆಂದದ್ದೂ ನಿಜ. ಬಳಿಯ ಪದ್ಧತಿಯನ್ನು ಎಷ್ಟೋ ಜನಕ್ಕೆ ವಿವರಿಸಿದ ನನಗೆ, ಅದು ನನ್ನನ್ನು ಹೊರಗೆ ನಿಲ್ಲಿಸುತ್ತದೆ ಎಂದು ಆ ಬೆಂಚಿನ ಮೇಲೆ ಮೊದಲ ಸಲ ಅರ್ಥವಾಯಿತು. ರೂತ್ ನನ್ನ ತೊಡೆ ತಟ್ಟಿ, "ದೊಡ್ಡಮ್ಮನಿಗೆ ಹೇಳಿ, ನಿಮ್ಮನ್ನು ನಮ್ಮ ಕುಟುಂಬಕ್ಕೆ ಸೇರಿಸಿಕೊಂಡೆವು," ಎಂದರು. ಹಾಗೆಲ್ಲ ಆಗುವುದಿಲ್ಲ ಎಂದು ಹೇಳಲು ಹೊರಟವಳು ಇನ್ನೊಂದು ದೋಸೆಯನ್ನು ಅವರ ಕೈಗಿಟ್ಟೆ. ಸಂತೋಷವಾಗಿತ್ತು.

ವಾಪಸು ಪ್ರಯಾಣದ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಶುಕ್ರವಾರದ ಟ್ರಾಫಿಕ್ಕು ಎಂದಿನಂತೆ ಕೆಟ್ಟದಾಗಿತ್ತು. ರೂತ್ ದಾರಿಯಲ್ಲಿ ನಿದ್ದೆ ಹೋದರು. ಸರಟೋಗಾದಲ್ಲಿ ಅವರನ್ನು ಇಳಿಸಿ ನಾನು ನೆವಾರ್ಕು ಮುಟ್ಟುವಾಗ ಕತ್ತಲಾಗಿತ್ತು. ನಮ್ಮವರು, "ಸಿಕ್ಕಿದಳಾ?" ಎಂದು ಕೇಳಿದರು. "ಸಿಕ್ಕಿದಳು. ನಾಳೆ ನನ್ನ ಮುತ್ತಜ್ಜಿಯ ಅಮ್ಮನ ಹೆಸರು ಕೇಳ್ಲಿಕ್ಕೆ ಊರಿಗೆ ಫೋನು ಮಾಡ್ಬೇಕು," ಎಂದೆ. ಅವರು ನನ್ನ ಫೋನನ್ನು ತೆಗೆದು ಚಾರ್ಜಿಗೆ ಹಾಕಿದರು.

ಆದರೆ ಗುಡ್ಡ ಇಳಿಯುವ ಮೊದಲು ನಡೆದದ್ದೊಂದನ್ನು ಹೇಳಬೇಕು. ಊಟವಾದ ಮೇಲೆ ಆ ಪುಟದ ಪ್ರಿಂಟು ತೆಗೆದುಕೊಳ್ಳಲು ಮತ್ತೆ ಒಳಗೆ ಹೋಗಿದ್ದೆವು. ಹೊರಡುವಾಗ ಹೆರಾಲ್ಡ್ ಬಂದವರ ಪುಸ್ತಕವನ್ನು ನನ್ನತ್ತ ತಿರುಗಿಸಿದರು. ನಾನು ನನ್ನದನ್ನು ಹಾಕಿ, ರೂತ್ ಅವರದನ್ನೂ ಹಾಕಲು ಕೆಳಗಿನ ಸಾಲಿಗೆ ಬಂದಿದ್ದೆ.

"ಅದು ನನ್ನದು. ಕೊಡಿ," ಎಂದು ರೂತ್ ಕೈ ಚಾಚಿದರು.

ಪೆನ್ನು ಕೊಟ್ಟು, ಅವರ ಬೆರಳನ್ನು ಹಿಡಿದು ಸಾಲಿನ ಮೇಲಿಟ್ಟೆ. ಅವರು ಹೆಸರು ಬರೆಯಲಿಲ್ಲ. ಮುಖ ಓರೆ ಮಾಡಲೂ ಇಲ್ಲ. ನೆಟ್ಟಗೆ ಮುಂದೆ ನೋಡುತ್ತ ಒಂದು ಗೀಟು ಎಳೆದರು, ಅದರ ಮೇಲೆ ಇನ್ನೊಂದನ್ನು ಎಳೆದರು, ಕೊನೆಯಲ್ಲಿ ಪೆನ್ನನ್ನು ಒತ್ತಿ ನಿಲ್ಲಿಸಿದರು. ನಾನು ಅದರ ಪಕ್ಕದಲ್ಲಿ, ಆ ಪಾದ್ರಿ ಬರೆದ ಹಾಗೆಯೇ, ಇದು ರೂತ್ ಅವರ ಗುರುತು ಎಂದು ಇಂಗ್ಲಿಷಿನಲ್ಲಿ ಬರೆದೆ. ಅದರ ಕೆಳಗೆ ಸಾಕ್ಷಿಯ ಸಹಿಯನ್ನು ಕನ್ನಡದಲ್ಲಿ ಹಾಕಿದೆ.